ನಾಲ್ಕೂವರೆಯ ಖಾಲಿ ಸಾಲು

ಹಾಸನದ ವೈದ್ಯೆ ನನ್ನನ್ನು ಕೇಳಿದ ಮೊದಲ ಪ್ರಶ್ನೆಗೆ ಉತ್ತರ ಕೊಟ್ಟವಳು ಅಮ್ಮ.

"ಸಸ್ಯಾಹಾರಿಗಳಾ?"

"ಹ್ಞೂಂ ಡಾಕ್ಟ್ರೇ. ನಮ್ಮನೇಲಿ ಮೊಟ್ಟೆ ಕೂಡ ಹೊಸ್ತಿಲು ದಾಟಿಲ್ಲ."

ವೈದ್ಯೆ ಬರೆದುಕೊಂಡರು. ನಾನು ಮೊಣಕೈಯ ಒಳಭಾಗದಲ್ಲಿ ಮಾಸುತ್ತಿದ್ದ ಕೆಂಪು ಗುರುತುಗಳನ್ನು ನೋಡುತ್ತ ಕುಳಿತಿದ್ದೆ. ಅಮ್ಮ ಸುಳ್ಳು ಹೇಳಿರಲಿಲ್ಲ. ನಮ್ಮ ಮನೆಯ ಮಟ್ಟಿಗೆ ಅದು ಅಕ್ಷರಶಃ ನಿಜ. ಆದರೆ ವೈದ್ಯೆ ಕೇಳಿದ್ದು ಮನೆಯ ಬಗ್ಗೆ ಆಗಿರಲಿಲ್ಲ.

ಆ ಹೊತ್ತಿಗೆ ಎರಡು ತಿಂಗಳಿಂದ ನನಗೆ ಸಂಜೆಗಳಲ್ಲಿ ಗಂಧೆ ಏಳುತ್ತಿತ್ತು. ಮೊದಲು ಕುತ್ತಿಗೆಯ ಹಿಂದೆ ತುರಿಕೆ, ಆಮೇಲೆ ತೋಳು, ಹೊಟ್ಟೆ. ಹತ್ತು ನಿಮಿಷದಲ್ಲಿ ಚರ್ಮದ ಮೇಲೆ ಕಾಸಿನಗಲದ ದದ್ದುಗಳು. ಅಮ್ಮ ಪಿತ್ತದ ಗಂಧೆ ಎಂದು ಕಂಬಳಿ ತಂದು ಉಜ್ಜಿದಳು. ಅರಸೀಕೆರೆಯ ವೈದ್ಯರು ಮಾತ್ರೆ ಕೊಟ್ಟರು. ಒಂದು ಗುರುವಾರ ಮೇಲ್ದುಟಿ ಊದಿಕೊಂಡು ಮಾತು ತೊದಲಿದಾಗ ಅವರೇ ಹೆದರಿ ಹಾಸನಕ್ಕೆ ಬರೆದುಕೊಟ್ಟರು.

ಹಾಸನದ ವೈದ್ಯೆ ಮಾತ್ರೆಗಿಂತ ಮೊದಲು ಒಂದು ಆ್ಯಪ್ ಹಾಕಿಸಿದರು. ಆರು ವಾರ ಬಾಯಿಗೆ ಹೋದದ್ದೆಲ್ಲವನ್ನೂ ಅದರಲ್ಲಿ ಬರೆಯಬೇಕು. ಹೊತ್ತು, ಪದಾರ್ಥ, ಅದರಲ್ಲಿ ಏನೇನಿತ್ತು, ಎಷ್ಟು. ಗಂಧೆ ಎದ್ದರೆ ಆ ಹೊತ್ತಿಗೆ ಕೆಂಪು ಚುಕ್ಕೆ. "ಅಡುಗೆ ಮಾಡೋರು ಯಾರು?" ಎಂದು ಕೇಳಿ, ಅಮ್ಮನ ಫೋನಿನಲ್ಲೂ ಅದೇ ಖಾತೆಯನ್ನು ತೆರೆಸಿದರು. ಸಾರಿಗೆ ಏನು ಬಿತ್ತು ಎಂಬುದು ತಿನ್ನುವವಳಿಗೆ ಗೊತ್ತಿರುವುದಿಲ್ಲ, ಹಾಕಿದವಳಿಗೆ ಗೊತ್ತಿರುತ್ತದೆ ಎಂಬುದು ಅವರ ತರ್ಕ. ಒಳ್ಳೆಯ ತರ್ಕವೇ. ಆದರೆ ಅದರಿಂದಾಗಿ ನಾನು ಬರೆದ ಪ್ರತಿ ಸಾಲೂ ಅಮ್ಮನ ಕೈಯಲ್ಲಿ ತೆರೆದುಕೊಳ್ಳುವಂತಾಯಿತು.

ಹತ್ತನೇ ತರಗತಿಯ ನಂತರ ಅಮ್ಮ ಏನನ್ನೂ ದಿನವೂ ಬರೆದವಳಲ್ಲ. ಈ ಕೆಲಸವನ್ನು ಅವಳು ಪರೀಕ್ಷೆಯಂತೆ ಹಿಡಿದಳು. "ಹುರುಳಿಕಾಯಿ ಪಲ್ಯ: ಹುರುಳಿಕಾಯಿ, ಒಗ್ಗರಣೆ (ಸಾಸಿವೆ, ಉದ್ದಿನಬೇಳೆ, ಕರಿಬೇವು), ಕಾಯಿತುರಿ ಒಂದು ಹಿಡಿ, ನನ್ನ ಹಿಡಿ." ನನ್ನ ಹಿಡಿ ಎಂದು ಬರೆದದ್ದನ್ನು ನೋಡಿ ನಾನು ನಕ್ಕಿದ್ದೆ. "ನಗ್ಬೇಡ ಕಣೇ. ನಿಮ್ಮಪ್ಪನ ಹಿಡಿ ಹಾಕಿದ್ರೆ ಲೆಕ್ಕ ತಪ್ಪುತ್ತೆ," ಎಂದಳು.

ನಾನು ಬೇಲೂರಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಅಳತೆ, ಟಿಪ್ಪಣಿ, ನಿಯಂತ್ರಣ, ಇವು ವಿದ್ಯಾರ್ಥಿಗಳಿಗೆ ನಾನೇ ಹೇಳಿಕೊಡುವ ಮಾತುಗಳು. ಪ್ರಯೋಗದ ಪುಸ್ತಕದಲ್ಲಿ ಬಂದ ಅಂಕಿಯನ್ನು ಬರೆಯಬೇಕು, ಬರಬೇಕಾಗಿದ್ದ ಅಂಕಿಯನ್ನಲ್ಲ ಎಂದು ವರ್ಷದ ಮೊದಲ ತರಗತಿಯಲ್ಲೇ ಹೇಳುತ್ತೇನೆ. ಈ ಡೈರಿಯಲ್ಲಿ ಬೆಳಗಿನ ಉಪ್ಪಿಟ್ಟು, ಮಧ್ಯಾಹ್ನ ಒಂದು ಗಂಟೆಯ ಡಬ್ಬಿ, ಸಂಜೆ ಆರರ ಕಾಫಿ ತಿಂಡಿ, ರಾತ್ರಿಯ ಊಟ ಎಲ್ಲವನ್ನೂ ಗ್ರಾಂ ಲೆಕ್ಕದಲ್ಲಿ ಬರೆದೆ. ಸಂಜೆ ನಾಲ್ಕೂವರೆಯದನ್ನು ಮಾತ್ರ ಬರೆಯಲಿಲ್ಲ.

ಕಾಲೇಜಿನಿಂದ ಮನೆಗೆ ಹೋಗಲು ಹಳೇಬೀಡಿನಲ್ಲಿ ಬಸ್ಸು ಬದಲಿಸಬೇಕು. ಅರಸೀಕೆರೆಯ ಬಸ್ಸಿಗೆ ಅರ್ಧ ಗಂಟೆ ಕಾಯುವುದಿರುತ್ತದೆ. ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಸಹಾಯಕಿಯಾಗಿರುವ ಗೆಳತಿಯೊಬ್ಬಳು ಅಲ್ಲಿಯವರೆಗೆ ನನ್ನ ಜೊತೆ ಬಂದು ಮಾದಿಹಳ್ಳಿಯ ಬಸ್ಸು ಹಿಡಿಯುತ್ತಾಳೆ. ಅವರದು ಬೇಸಾಯದ ಮನೆ. ಮಧ್ಯಾಹ್ನದ ಡಬ್ಬಿಯಲ್ಲದೆ ಅವಳ ಚೀಲದಲ್ಲಿ ಇನ್ನೊಂದು ಚಿಕ್ಕ ಡಬ್ಬಿ ಇರುತ್ತಿತ್ತು. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಮೂಗು ಮುಚ್ಚಿಕೊಳ್ಳುವವರಿದ್ದುದರಿಂದ ಅದನ್ನು ಅವಳು ತೆರೆಯುತ್ತಿದ್ದುದು ಹಳೇಬೀಡಿನ ಬಸ್ ನಿಲ್ದಾಣದ ಕೊನೆಯ ಕಲ್ಲುಬೆಂಚಿನ ಮೇಲೆ. ರಾಗಿ ರೊಟ್ಟಿ, ಒಣ ಸೀಗಡಿ ಹುರಿದು ಬೆಳ್ಳುಳ್ಳಿ, ಹುಣಸೆಹಣ್ಣು ಸೇರಿಸಿ ಅರೆದ ಚಟ್ನಿ.

ಕೇಳಿದವಳು ನಾನೇ.

"ಏನದು, ಇಷ್ಟು ಘಾಟು?"

"ಮೂಗು ಮುಚ್ಕಳಿ ಮೇಡಂ. ಸೀಗಡಿ ಚಟ್ನಿ. ನಿಮ್ಗಲ್ಲ."

"ಯಾಕೆ ನನಗಲ್ಲ?"

ಅವಳು ನನ್ನ ಮುಖ ನೋಡಿ ನಕ್ಕಳು. "ಆಮೇಲೆ ನಿಮ್ಮವ್ವ ನನ್ನ ಹುಡಿಕ್ಕಂಡು ಮಾದಿಹಳ್ಳಿಗೇ ಬತ್ತಾರೆ ಕಣ್ರೀ."

ಮಳೆಗಾಲದ ಆ ದಿನ ಒಂದು ಚೂರು ತಿಂದೆ. ನಂತರ ಅದು ರೂಢಿಯಾಯಿತು. ನನ್ನ ಜೀವನದಲ್ಲಿ ಮನೆಯವರಿಗೆ ತಿಳಿಯದ ವಿಷಯಗಳು ಹೆಚ್ಚಿರಲಿಲ್ಲ. ಇದು ಒಂದು. ರುಚಿಯಷ್ಟೇ ಆ ಮರೆಯೂ ನನಗೆ ಬೇಕಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಬಸ್ಸು ಹತ್ತುವ ಮೊದಲು ನಲ್ಲಿಯಲ್ಲಿ ಕೈ ಬಾಯಿ ತೊಳೆದು ಏಲಕ್ಕಿ ಅಗಿಯುತ್ತಿದ್ದೆ.

ಆರಕ್ಕೆ ಮನೆ ಮುಟ್ಟುತ್ತಿದ್ದೆ. ಅಮ್ಮ ಕಾಫಿಯ ಜೊತೆ ಏನಾದರೂ ತಿಂಡಿ ಕೊಡುತ್ತಿದ್ದಳು. ಆರೂಕಾಲು, ಆರೂವರೆಗೆ ಗಂಧೆ. ಹಾಗಾಗಿ ಡೈರಿಯನ್ನು ಓದಿದ ಯಾರಿಗೇ ಆದರೂ ಕಾಣುತ್ತಿದ್ದುದು ಒಂದೇ: ಈ ಹುಡುಗಿ ತಾಯಿ ಮಾಡಿದ್ದನ್ನು ತಿಂದ ಕಾಲು ಗಂಟೆಗೆ ಕಾಯಿಲೆ ಬೀಳುತ್ತಾಳೆ.

ಎರಡನೇ ವಾರದ ಕೊನೆಗೆ ಆ್ಯಪ್ ತಾನೇ ಒಂದು ಪಟ್ಟಿ ತೋರಿಸಿತು. ಕೆಂಪು ಚುಕ್ಕೆಗಳ ಹಿಂದೆ ಅತಿ ಹೆಚ್ಚು ಬಾರಿ ಬಂದ ಪದಾರ್ಥ ತೆಂಗಿನಕಾಯಿ. ಅರಸೀಕೆರೆಯ ಅಡುಗೆಮನೆಯಲ್ಲಿ ಬೇರೆ ಏನು ಬರಲು ಸಾಧ್ಯ? ವೈದ್ಯೆ ಫೋನಿನಲ್ಲಿ, "ಸದ್ಯಕ್ಕೆ ಬಿಟ್ಟು ನೋಡಿ, ತೀರ್ಮಾನ ಅಲ್ಲ," ಎಂದರು. ಅಮ್ಮ ಅದನ್ನು ತೀರ್ಮಾನ ಎಂದೇ ತೆಗೆದುಕೊಂಡಳು. ಚಟ್ನಿ ನಿಂತಿತು. ಪಲ್ಯಗಳು ಬೋಳಾದವು. ತುರಿಯುವ ಮಣೆಯನ್ನು ತೊಳೆದು ಅಟ್ಟಕ್ಕೆ ಹಾಕಿದಳು. ಕೊಬ್ಬರಿ ವ್ಯಾಪಾರದ ಅಪ್ಪ ತಟ್ಟೆ ನೋಡಿ, "ಕೊಬ್ಬರಿ ಅಂಗಡಿ ಇಟ್ಕೊಂಡು ಬೋಳು ಪಲ್ಯ ತಿನ್ನೋ ಮೊದಲ್ನೇ ಗಂಡಸು ನಾನೇ ಇರ್ಬೇಕು," ಎಂದರು. ಅಮ್ಮ ನಗಲಿಲ್ಲ.

ಗಂಧೆ ನಿಲ್ಲಲಿಲ್ಲ. ಕಡಲೆಕಾಯಿ ಹೋಯಿತು. ಹಾಲು ಹೋಯಿತು. ನಾನು ತಿನ್ನುವಾಗ ಅಮ್ಮ ಬಾಗಿಲಿಗೆ ಒರಗಿ ನಿಂತು ನನ್ನ ಕುತ್ತಿಗೆಯನ್ನೇ ನೋಡತೊಡಗಿದಳು. ಪಾತ್ರೆ ತೊಳೆಯುವ ಸೋಪು ಬದಲಾಯಿಸಿದಳು, ಕೈಗೆ ಹಾಕಿಕೊಳ್ಳುವ ಸೋಪು ಬದಲಾಯಿಸಿದಳು. ಒಂದು ದಿನ ಎರಡೂ ಅಂಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಿದ್ದಳು.

"ಏನಮ್ಮ ಅದು?"

"ಏನಿಲ್ಲ. ಇಪ್ಪತ್ತಾರು ವರ್ಷ ಉಂಡಿದ್ದೀಯ ಇದೇ ಕೈಯಲ್ಲಿ. ಈಗ ಏನ್ ಬಂತು ಇದಕ್ಕೆ ಅಂತ."

ಆಗ ನನಗೆ ಸೀಗಡಿಯ ಅನುಮಾನ ಇರಲಿಲ್ಲವೇ? ಇತ್ತು. ಆದರೆ ಅನುಮಾನವನ್ನು ತಳ್ಳಿಹಾಕಲು ಬೇಕಾದಷ್ಟು ಕಾರಣಗಳನ್ನು ನಾನು ಕೂಡಿಸಿಟ್ಟುಕೊಂಡಿದ್ದೆ. ಅದೇ ಆಗಿದ್ದರೆ ತಿಂದ ಕೂಡಲೇ ಏಳಬೇಕಿತ್ತಲ್ಲ, ಇದು ಏಳುತ್ತಿದ್ದುದು ಒಂದೂ ಮುಕ್ಕಾಲು ಗಂಟೆ ಕಳೆದ ಮೇಲೆ. ಮೊದಲ ಕೆಲವು ಸಲ ಏನೂ ಆಗಿರಲಿಲ್ಲವಲ್ಲ. ಎರಡು ಭಾನುವಾರ ಮನೆಯಲ್ಲೇ ಇದ್ದಾಗಲೂ ಎದ್ದಿತ್ತಲ್ಲ. ಆ ಎರಡು ಭಾನುವಾರಗಳಲ್ಲೂ ಅಪ್ಪನ ಜೊತೆ ಕೊಬ್ಬರಿ ಗೋದಾಮಿನಲ್ಲಿ ಧೂಳು ಕೊಡವಿ ಸೀನುತ್ತ ಬಂದಿದ್ದೆ ಎಂಬುದನ್ನು ನೆನಪಿಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

ನಾಲ್ಕನೇ ವಾರದ ಮಧ್ಯದಲ್ಲಿ ಅಮ್ಮ ಫೋನು ಹಿಡಿದುಕೊಂಡು ನನ್ನ ಪಕ್ಕ ಬಂದು ಕುಳಿತಳು. ಆ್ಯಪ್‌ನಲ್ಲಿ ತಿಂಗಳಿಡೀ ಒಂದೇ ಪುಟದಲ್ಲಿ ಕಾಣುವ ಕ್ಯಾಲೆಂಡರ್ ಇರುವುದನ್ನು ಅವಳು ತಾನೇ ಕಂಡುಹಿಡಿದಿದ್ದಳು.

"ಇಲ್ನೋಡು. ಚುಕ್ಕೆ ಎಲ್ಲಿಲ್ಲ ಹೇಳು."

ನೋಡಿದೆ. ವಾರದ ಬೇರೆಲ್ಲ ದಿನಗಳ ಕೆಳಗೆ ಅಲ್ಲೊಂದು ಇಲ್ಲೊಂದು ಕೆಂಪು. ಎರಡು ಸಾಲುಗಳು ಮಾತ್ರ ಮೇಲಿಂದ ಕೆಳಗಿನವರೆಗೆ ಖಾಲಿ.

"ಸೋಮವಾರ, ಶನಿವಾರ," ಎಂದಳು ಅಮ್ಮ. ಅವಳ ಧ್ವನಿ ಸಣ್ಣದಾಗಿತ್ತು. "ನಾನು ಒಪ್ಪತ್ತು ಇರೋ ದಿನ ಕಣೇ ಎರಡೂ. ನಾನು ಒಪ್ಪತ್ತು ಇದ್ದ ದಿನ ನಿಂಗೆ ಒಂದ್ಸಲನೂ ಬಂದಿಲ್ಲ."

ಅಮ್ಮ ಎಷ್ಟೋ ವರ್ಷಗಳಿಂದ ಆ ಎರಡು ದಿನ ಮಧ್ಯಾಹ್ನ ಒಂದೇ ಹೊತ್ತು ಊಟ ಮಾಡುತ್ತಾಳೆ. ಮಾದಿಹಳ್ಳಿಯಲ್ಲಿ ಗೆಳತಿಯ ಮನೆಯಲ್ಲೂ ಆ ಎರಡು ದಿನಗಳಿಗೆ ಬೆಲೆ ಇದೆ. ಅಂದು ಅವರ ಒಲೆಯ ಮೇಲೆ ಮೀನು ಮಾಂಸ ಏರುವುದಿಲ್ಲ. "ಇವತ್ತು ಸೋಮಾರ ಕಣ್ರೀ, ಬರೀ ಕಾಯಿ ಚಟ್ನಿ. ಗಂಟ್ಲಲ್ಲಿ ಇಳೀತದೇನೋ ನೋಡಿ," ಎಂದು ಗೆಳತಿ ಆ ದಿನಗಳಲ್ಲಿ ಡಬ್ಬಿ ಮುಂದೆ ತಳ್ಳುತ್ತಿದ್ದಳು. ನಾನು ತಿನ್ನುತ್ತಿದ್ದೆ. ಏನೂ ಆಗುತ್ತಿರಲಿಲ್ಲ. ಅಂದರೆ ಸೀಗಡಿಯ ಮೇಲಿನ ಸಾಕ್ಷ್ಯವಷ್ಟೇ ಅಲ್ಲ, ತೆಂಗಿನಕಾಯಿಯದು ಏನೂ ತಪ್ಪಿಲ್ಲ ಎನ್ನುವ ಸಾಕ್ಷ್ಯವೂ ಅಷ್ಟು ದಿನ ನನ್ನ ಹತ್ತಿರವೇ ಇತ್ತು.

ನಾನು ಆಗ ಹೇಳಬಹುದಿತ್ತು. "ಕಾಕತಾಳೀಯ ಇರಬೇಕು," ಎಂದೆ.

ಮರುದಿನದಿಂದ ಸೀಗಡಿ ಮುಟ್ಟಲಿಲ್ಲ. ನಾನು ಬಿಟ್ಟರೆ ಗಂಧೆ ನಿಲ್ಲುತ್ತದೆ, ಎಲ್ಲವೂ ತಂತಾನೇ ಸರಿಹೋಗುತ್ತದೆ, ಯಾರಿಗೂ ಏನೂ ಹೇಳಬೇಕಾಗುವುದಿಲ್ಲ ಎಂದು ಲೆಕ್ಕ ಹಾಕಿದ್ದೆ. ಅಮ್ಮನೂ ಅದೇ ಮರುದಿನ, ಗುರುವಾರ, ಸಂಜೆ ದೀಪ ಹಚ್ಚಿ ಬಂದು ಹೇಳಿದಳು: ನಿನಗೆ ಪೂರ್ತಿ ವಾಸಿ ಆಗುವವರೆಗೆ ನಾನು ದಿನವೂ ಒಪ್ಪತ್ತು.

ಗಂಧೆ ನಿಂತಿತು. ನಿಂತದ್ದು ಅಮ್ಮನ ಹರಕೆಯಿಂದ.

ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ, ದಿನಕ್ಕೆರಡು ಮಾತ್ರೆ. ವಾರಕ್ಕೆ ಎರಡು ದಿನ ಹೇಗೋ ಸುಧಾರಿಸಿಕೊಳ್ಳುತ್ತಿದ್ದವಳು ಏಳು ದಿನವೂ ರಾತ್ರಿ ಒಂದು ಬಾಳೆಹಣ್ಣು, ಒಂದು ಲೋಟ ನೀರುಮಜ್ಜಿಗೆಯಲ್ಲಿ ಮುಗಿಸತೊಡಗಿದಳು. ಬಿಡು ಎಂದರೆ, "ಬಿಟ್ಟ ದಿನವೇ ನಿನ್ನ ಗಂಟ್ಲು ಊದ್ಕೊಂಡ್ರೆ? ನೀನ್ ಜವಾಬ್ದಾರಿ ತಗೋತೀಯ?" ಎಂದು ಕೇಳಿದಳು.

ಅತ್ತ ಬೆಂಚಿನ ಮೇಲೆ ಗೆಳತಿಗೆ ಹೊಟ್ಟೆ ಸರಿಯಿಲ್ಲ ಎಂದಿದ್ದೆ. ಮೂರನೇ ದಿನವೂ ಅದನ್ನೇ ಹೇಳಿದಾಗ ಅವಳು ಡಬ್ಬಿಯ ಮುಚ್ಚಳ ಹಾಕಿಕೊಂಡಳು. "ಏನ್ ಮೇಡಂ, ಮನೇಲಿ ಗಂಡು ನೋಡಕ್ ಶುರು ಮಾಡವ್ರಾ? ಏಕ್‌ದಮ್ ಮಡಿ ಆಗ್ಬುಟ್ರಲ್ಲ!" ನಗುತ್ತಲೇ ಹೇಳಿದಳು. ಆದರೆ ಮಾರನೆಯ ದಿನದಿಂದ ಚಿಕ್ಕ ಡಬ್ಬಿ ತರುವುದನ್ನು ಬಿಟ್ಟಳು. ನಾವು ಫೋನು ನೋಡುತ್ತ ಕುಳಿತಿರುತ್ತಿದ್ದೆವು.

ಐದನೇ ವಾರದಲ್ಲಿ ನಾನು ಮಾಡಿದ್ದನ್ನು ಬರೆಯುವುದು ಕಷ್ಟ. ಅಮ್ಮನ ಹರಕೆ ಫಲಿಸುತ್ತಿಲ್ಲ ಎಂದು ಅವಳಿಗೆ ತೋರಿಸಿದರೆ ಅವಳು ಉಪವಾಸ ಬಿಡುತ್ತಾಳೆ ಎಂದುಕೊಂಡೆ. ಒಂದು ಬುಧವಾರ ಸಂಜೆ ಬಚ್ಚಲಿಗೆ ಹೋಗಿ ಕುತ್ತಿಗೆಯನ್ನು ಕೆಂಪಾಗುವವರೆಗೆ ಕೆರೆದುಕೊಂಡು ಬಂದೆ. ಆರೂ ಇಪ್ಪತ್ತಕ್ಕೆ ಒಂದು ಕೆಂಪು ಚುಕ್ಕೆ ಹಾಕಿದೆ. ಬಿಟ್ಟ ಸಾಲುಗಳ ಪಕ್ಕದಲ್ಲಿ ಈಗ ಒಂದು ಹುಸಿ ಸಾಲೂ ಸೇರಿತು.

ಅಮ್ಮ ಚುಕ್ಕೆ ನೋಡಿದಳು, ಕುತ್ತಿಗೆ ನೋಡಿದಳು. "ನಂದೇ ತಪ್ಪು," ಎಂದಳು. "ನಿನ್ನೆ ರಾತ್ರಿ ತಡೀಲಾರದೆ ಎರಡು ಬಾಳೆಹಣ್ಣು ತಿಂದ್ಬಿಟ್ಟೆ."

ಆ ರಾತ್ರಿಯಿಂದ ಆ ಒಂದು ಹಣ್ಣೂ ನಿಂತಿತು.

ಶುಕ್ರವಾರ ನಾನು ಬಸ್ಸಿಳಿದು ಮನೆಗೆ ಬಂದಾಗ ಅಡುಗೆಮನೆಯಲ್ಲಿ ಕಾಫಿಗೆ ಇಟ್ಟ ನೀರು ಇಂಗಿ ಪಾತ್ರೆ ಸೀದಿತ್ತು. ಅಮ್ಮ ಒಲೆಕಟ್ಟೆಯ ಕೆಳಗೆ ಗೋಡೆಗೆ ಒರಗಿ ಕುಳಿತಿದ್ದಳು. ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು. ನನ್ನನ್ನು ನೋಡಿ ಏನೋ ಹೇಳಲು ಹೋದಳು, ಮಾತು ಕೂಡಲಿಲ್ಲ. ಸಕ್ಕರೆ ನೀರು ಕಲಸಿ ಚಮಚದಲ್ಲಿ ಕುಡಿಸಿದೆ. ಕಾಲು ಗಂಟೆಯ ನಂತರ ಕಣ್ಣು ನೆಟ್ಟಗೆ ಮಾಡಿ, "ಸೀದ್ಹೋಯ್ತಾ ಪಾತ್ರೆ?" ಎಂದು ಕೇಳಿದಳು.

ಆಗಲೂ ಹೇಳಲಿಲ್ಲ. ಬೆವರೊರೆಸಿದ ಬಟ್ಟೆ ಹಿಂಡಿ ಒಣಗಲು ಹಾಕಿ, ಅಪ್ಪನಿಗೆ ಫೋನು ಮಾಡಿದೆ. ಒತ್ತಾಯ ಮಾಡಿ ಅಂದು ಒಂದು ತುತ್ತು ಅನ್ನ ತಿನ್ನಿಸಿದೆವು. ಮರುದಿನ ಮತ್ತೆ ಒಪ್ಪತ್ತು. "ಇನ್ನೊಂದು ವಾರ ತಾನೇ, ಡಾಕ್ಟ್ರು ನೋಡೋವರ್ಗೂ," ಎಂದಳು.

ಆರು ವಾರ ತುಂಬಿದ ಮೇಲೆ ಹಾಸನಕ್ಕೆ ಹೋದೆವು. ಅಮ್ಮನ ರವಿಕೆಯ ತೋಳು ಸಡಿಲವಾಗಿತ್ತು. ವೈದ್ಯೆ ಡೈರಿಯನ್ನು ತಮ್ಮ ಕಂಪ್ಯೂಟರಿನಲ್ಲಿ ತೆರೆದು ತುಂಬ ಹೊತ್ತು ಓದಿದರು. ಅಮ್ಮ ತಡೆಯಲಾರದೆ, "ನಾನು ಒಪ್ಪತ್ತು ಹಿಡಿದ ಮೇಲೆ ಒಂದೇ ಒಂದ್ಸಲ ಬಂದಿದ್ದು ಡಾಕ್ಟ್ರೇ, ಅದೂ ನನ್ನ ತಪ್ಪಿಂದ," ಎಂದಳು.

ವೈದ್ಯೆ ಅವಳ ಕಡೆ ತಿರುಗಿ ಏನು ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದರು. ಹೆಸರು ಕೇಳಿ ಪೆನ್ನು ಕೆಳಗಿಟ್ಟರು. "ಈ ಮಾತ್ರೆ ನುಂಗಿ ಉಪವಾಸ ಇರ್ತೀರಾ? ಯಾರಮ್ಮ ನಿಮಗೆ ಹೇಳಿದ್ದು?"

"ಯಾರೂ ಹೇಳಿಲ್ಲ. ಮಗಳಿಗೆ ವಾಸಿ ಆಗ್ತಾ ಇದೆಯಲ್ಲ."

ವೈದ್ಯೆ ಮತ್ತೆ ಪರದೆ ನೋಡಿ ನನ್ನನ್ನು ಕೇಳಿದರು. "ಆರು ವಾರದಲ್ಲಿ ಒಂದು ದಿನವೂ ಮಧ್ಯಾಹ್ನ ಒಂದರಿಂದ ಸಾಯಂಕಾಲ ಆರರವರೆಗೆ ಏನೂ ಇಲ್ಲ. ಟೀ ಕೂಡ ಇಲ್ಲ. ನಿಜಾನಾ?"

"ಇವಳು ಆಚೆ ಏನೂ ತಿನ್ನಲ್ಲ ಡಾಕ್ಟ್ರೇ," ಎಂದಳು ಅಮ್ಮ. "ಚಿಕ್ಕೋಳಿಂದ ಹಂಗೇ."

"ತಿಂದಿದ್ದೀನಿ," ಎಂದೆ. "ಬರೆದಿಲ್ಲ."

ಆಮೇಲೆ ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಏನು, ಎಷ್ಟು, ಯಾವ ವಾರ, ಎಂದು ನಿಲ್ಲಿಸಿದೆ. ಬುಧವಾರದ ಚುಕ್ಕೆ ಸುಳ್ಳು ಎಂಬುದನ್ನೂ ಹೇಳಿದೆ. ತರಗತಿಯಲ್ಲಿ ಓದಿ ಹೇಳುವ ಧ್ವನಿಯಲ್ಲಿ ಹೇಳುತ್ತಿದ್ದೇನೆ ಎಂದು ನನಗೇ ಕೇಳಿಸುತ್ತಿತ್ತು. ಬೇರೆ ಧ್ವನಿಯಲ್ಲಿ ಆಗುತ್ತಿರಲಿಲ್ಲ. ವೈದ್ಯೆ ಟೈಪ್ ಮಾಡುತ್ತ ಹೋದರು. ಅಮ್ಮನ ಕಡೆ ನಾನು ನೋಡಲಿಲ್ಲ.

ಅಂದೇ ಚರ್ಮದ ಪರೀಕ್ಷೆ ಮಾಡಿದರು. ಮುಂದೋಳಿನ ಮೇಲೆ ಸಾಲಾಗಿ ಚುಚ್ಚಿದ ಗುರುತುಗಳಲ್ಲಿ ಎರಡು ಊದಿದವು: ಸೀಗಡಿ, ಮನೆಯ ಧೂಳಿನ ನುಸಿ. ಧೂಳು ಆಗದ ಕೆಲವರಿಗೆ ಸೀಗಡಿಯೂ ಆಗುವುದಿಲ್ಲ, ಎರಡರಲ್ಲೂ ಹೋಲುವ ಅಂಶ ಇರುತ್ತದೆ ಎಂದು ವೈದ್ಯೆ ವಿವರಿಸಿದರು. ತೆಂಗಿನಕಾಯಿ, ಕಡಲೆಕಾಯಿ, ಹಾಲು ಚುಚ್ಚಿದ ಜಾಗ ಚಪ್ಪಟೆಯಾಗಿಯೇ ಇತ್ತು. "ತುಟಿ ಊದಿದ್ದು ಸಣ್ಣ ವಿಷಯ ಅಲ್ಲ. ಮುಂದಿನ ಸಲ ಉಸಿರೇ ಕಟ್ಟಬಹುದು. ಸೀಗಡಿ ರುಚಿ ಕೂಡ ನೋಡಬೇಡಿ," ಎಂದು ನನಗೆ ಹೇಳಿ, ಅಮ್ಮನಿಗೆ, "ನೀವು ಈಗಲೇ ಹೋಗಿ ಊಟ ಮಾಡಿ," ಎಂದರು. ಇನ್ನೂ ನಾಲ್ಕು ವಾರ ಡೈರಿ ಬರೆಯಬೇಕಂತೆ, ಬಿಟ್ಟ ಪದಾರ್ಥಗಳನ್ನು ಒಂದೊಂದಾಗಿ ಮತ್ತೆ ಸೇರಿಸುತ್ತ.

ಅಮ್ಮ ಹಾಸನದಲ್ಲಿ ಊಟ ಮಾಡಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಳು. ಹಾರನಹಳ್ಳಿ ದಾಟಿದ ಮೇಲೆ ಹೊರಗೆ ನೋಡುತ್ತಲೇ ಕೇಳಿದಳು.

"ನಿಂಗೆ ಗೊತ್ತಾಗಿದ್ದು ಯಾವತ್ತು?"

ಯಾವಾಗಿನಿಂದ ತಿನ್ನುತ್ತಿದ್ದೀಯ ಎಂದು ಕೇಳುತ್ತಾಳೆಂದು ನಾನು ಸಿದ್ಧಳಾಗಿದ್ದೆ. ಇದಕ್ಕೆ ಸಿದ್ಧಳಿರಲಿಲ್ಲ.

"ನೀನು ಕ್ಯಾಲೆಂಡರ್ ತೋರಿಸಿದ ದಿನ."

ಬೆರಳ ಗೆಣ್ಣುಗಳ ಮೇಲೆ ಎಣಿಸಿದಳು. "ಹದಿನೇಳು ದಿನ. ಹದಿನೇಳು ದಿನ ನಾನು ಹಸ್ಕೊಂಡು ಕೂತಿದ್ದನ್ನ ನೋಡ್ತಾ ಇದ್ದೆ."

ಕಿಟಕಿಯ ಗಾಜು ಎಳೆದು ಅವಳೇ ಮುಂದುವರಿಸಿದಳು.

"ತಿಂದಿದ್ದಕ್ಕೆ ಬಯ್ತಿದ್ದೆ, ಇಲ್ಲ ಅನ್ನಲ್ಲ. ಎರಡು ದಿನ ಮಾತಾಡ್ತಿರ್ಲಿಲ್ಲ. ಅಷ್ಟೇ ತಾನೇ ಆಗ್ತಿದ್ದಿದ್ದು? ಅಷ್ಟಕ್ಕೆ ಹೆದರ್ಕೊಂಡ್ಯಾ?"

ಅಷ್ಟಕ್ಕೇ ಹೆದರಿದ್ದೆನೇ ಎಂದು ನನ್ನನ್ನು ನಾನು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಆ ಕ್ಷಣಕ್ಕೆ ತೋಚಿದ್ದು "ಕ್ಷಮಿಸು" ಎಂಬ ಮಾತು. ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಬಾಯಿಬಿಟ್ಟು ಹೇಳದ ಆ ಮಾತು ಬಸ್ಸಿನ ಸದ್ದಿನಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ.

ಗೆಳತಿಗೆ ಮತ್ತೆ ಕಾಲೇಜಿಗೆ ಹೋದ ದಿನವೇ ಹೇಳಿದೆ. "ಅಯ್ಯೋ, ಸಾಯ್ಸ್‌ಬುಡ್ತಿದ್ನಲ್ರೀ!" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಸಿಟ್ಟಾದಳು. "ಜಾತಿ ಗ್ಯಾನ ಬಂತೇನೋ ಇವ್ರಿಗೆ ಅಂತ ನಾನು ಎಷ್ಟ್ ದಿನ ಕೊರಗಿದೀನಿ ಗೊತ್ತೇನ್ರೀ? ಒಂದ್ ಮಾತು ಬಾಯ್ಬುಟ್ಟಿದ್ರೆ ನಿಮ್ಮ ಗಂಟೇನ್ ಹೋಗ್ತಿತ್ತು?" ಈಗ ಅವಳು ಮತ್ತೆ ಚಿಕ್ಕ ಡಬ್ಬಿ ತರುತ್ತಾಳೆ, ಸೀಗಡಿ ಇಲ್ಲದ್ದು. ನಾಲ್ಕೂವರೆಯ ಸಾಲಿನಲ್ಲಿ ನಾನು ಬರೆಯುತ್ತೇನೆ: ರಾಗಿ ರೊಟ್ಟಿ ಅರ್ಧ, ಕಾಯಿ ಚಟ್ನಿ ಎರಡು ಚಮಚ, ಗೆಳತಿಯ ಮನೆಯದು. ಅಮ್ಮ ಅದನ್ನು ಓದುತ್ತಾಳೆಯೇ, ತಿಳಿಯದು. ತನ್ನ ಪಾಲಿನದನ್ನು ಅವಳು ಬರೆಯುತ್ತಾಳೆ, ಮೊದಲಿಗಿಂತ ಚುಟುಕಾಗಿ. "ಪಲ್ಯ. ಕಾಯಿ ಹಾಕಿದೆ."

ಹಾಸನದಿಂದ ಬಂದ ಸಂಜೆ ಅಪ್ಪ ಎದುರಿಗೆ ಕುಳಿತು ಅಮ್ಮನಿಗೆ ಊಟ ಮಾಡಿಸಿದರು. ಆಮೇಲಿಂದ ಸೋಮವಾರ, ಶನಿವಾರದ ಒಪ್ಪತ್ತನ್ನೂ ಬಿಟ್ಟಿದ್ದೇನೆ ಎನ್ನುತ್ತಾಳೆ. ನನಗೂ ಅಪ್ಪನಿಗೂ ಬಡಿಸಿ, ತಾನು ಆಮೇಲೆ ಒಬ್ಬಳೇ ಉಣ್ಣುತ್ತಾಳೆ.

"ಊಟ ಆಯ್ತಾ ಅಮ್ಮ?" ಎಂದು ಕೋಣೆಯಿಂದ ಕೇಳುತ್ತೇನೆ.

"ಆಯ್ತು."

ನಿಜವಿರಬಹುದು. ಆದರೂ ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗಿ ಅನ್ನದ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತೇನೆ. ನಾನು ನೋಡುವುದನ್ನು ಅಮ್ಮ ನೋಡುತ್ತಾಳೆ.